ಎರಡು ಭಾಷೆಯ ಮನೆ ಮತ್ತು ಮಕ್ಕಳ ಮಾತಿನ ವಿಳಂಬ

ಮಗು ತನ್ನ ವಯಸ್ಸಿಗೆ ತಕ್ಕಷ್ಟು ಪದಗಳನ್ನು ಆಡದಿರುವುದು, ಆಡಿದರೂ ಅವನ್ನು ಜೋಡಿಸದಿರುವುದು ಮಾತಿನ ವಿಳಂಬ. ವರ್ಷ ತುಂಬುವ ಆಸುಪಾಸಿನಲ್ಲಿ ಮೊದಲ ಮಾತು ಬರಬೇಕು. ಎರಡು ತುಂಬುವ ಹೊತ್ತಿಗೆ ಸುಮಾರು 50 ಪದ, ಜೊತೆಗೆ ‘ಹಾಲು ಬೇಕು’, ‘ಅಜ್ಜಿ ಬಾ’ ಎನ್ನುವಂಥ ಎರಡು ಪದದ ಜೋಡಣೆ ಇರಬೇಕು. ವಾಕ್ ಚಿಕಿತ್ಸಕರು ಬಳಸುವ ಈ ಅಳತೆ 1989ರಲ್ಲಿ ಅಮೆರಿಕದ ಲೆಸ್ಲಿ ರೆಸ್ಕೋರ್ಲಾ ಸಿದ್ಧಪಡಿಸಿದ ಪದಪಟ್ಟಿಯಿಂದ ಹೆಚ್ಚು ಬಳಕೆಗೆ ಬಂತು. ಒಂದೇ ಭಾಷೆಯ ಮನೆಯಲ್ಲಿ ಎಣಿಕೆ ಸುಲಭ. ಎರಡು ಭಾಷೆಯ ಮನೆಯಲ್ಲಿ ಆ 50 ಪದ ಯಾವ ಭಾಷೆಯವು? ಈ ವಿಷಯದ ನೂರು ವರ್ಷದ ಇತಿಹಾಸದಲ್ಲಿ ಆದ ಎಡವಟ್ಟುಗಳೆಲ್ಲ ಈ ಪ್ರಶ್ನೆಯನ್ನು ಕೇಳದೆ ಹೋದದ್ದರಿಂದಲೇ ಆದವು.

ಈ ಪ್ರಶ್ನೆ ಏಳುವ ಸೀಮೆಯೊಂದನ್ನು ನೋಡಿ. ತರೀಕೆರೆ ತಾಲ್ಲೂಕಿನ ಅಮೃತಾಪುರ ಹೊರಗಿನವರಿಗೆ ಪರಿಚಯವಾಗಿರುವುದು 1196ರಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕಟ್ಟಿಸಿದ ಅಮೃತೇಶ್ವರ ದೇವಾಲಯದಿಂದ, ಅಲ್ಲಿ ನಿಂತಿರುವ ಜನ್ನ ಕವಿಯ ಶಾಸನದಿಂದ. ಆ ಶಾಸನದ ಕನ್ನಡ ಎಷ್ಟೇ ಅಚ್ಚಾಗಿರಲಿ, ಸುತ್ತಲಿನ ಸೀಮೆ ಒಂದೇ ಭಾಷೆಯದ್ದಲ್ಲ. ತರೀಕೆರೆ, ಅಜ್ಜಂಪುರ, ಕಡೂರು ಕಡೆ ಲಂಬಾಣಿ ತಾಂಡಾಗಳಿವೆ. ಪೇಟೆಗಳಲ್ಲಿ ಉರ್ದು ಮನೆಮಾತಿನವರಿದ್ದಾರೆ, ಭೋವಿಗಳ ಮನೆಗಳಲ್ಲಿ ತೆಲುಗಿದೆ. ಭದ್ರಾವತಿ, ಲಕ್ಕವಳ್ಳಿ ದಿಕ್ಕಿಗೆ ಹೋದರೆ ತಮಿಳೂ ಕಿವಿಗೆ ಬೀಳುತ್ತದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು ಶೇ. 66ರಷ್ಟು, ಉರ್ದು ಎಂದು ಬರೆಸಿದವರು ಶೇ. 11ರ ಹತ್ತಿರ. ಲಂಬಾಣಿಯನ್ನಂತೂ ಜನಗಣತಿ ಹಿಂದಿಯ ಗುಂಪಿಗೆ ಸೇರಿಸಿ ಎಣಿಸುತ್ತದೆ. ತಾಂಡಾದ ಮಗುವಿನ ಮಾತು ಲೆಕ್ಕ ತಪ್ಪುವುದು ಹೀಗೆ ಸರ್ಕಾರಿ ಕಾಗದದಿಂದಲೇ ಶುರುವಾಗುತ್ತದೆ.

ಅಂಥ ಒಂದು ಮಗುವಿನ ಪದಗಳನ್ನು ಎಣಿಸಿ ನೋಡೋಣ. ಮನೆಯಲ್ಲಿ ಅದು ತಾಯಿಗೆ ‘ಯಾಡಿ’ ಎನ್ನುತ್ತದೆ, ರೊಟ್ಟಿಗೆ ‘ಬಾಟಿ’, ನೀರಿಗೆ ‘ಪಾಣಿ’. ಅಂಗನವಾಡಿಯಲ್ಲಿ ‘ಟೀಚರ್’, ‘ಮೊಟ್ಟೆ’, ‘ಹಾಲು’, ‘ನೀರು’ ಕಲಿತಿದೆ. ಕಾರ್ಯಕರ್ತೆ ತನ್ನ ಕಿವಿಗೆ ಬಿದ್ದದ್ದನ್ನು ಮಾತ್ರ ಎಣಿಸಿದರೆ ನಾಲ್ಕು ಪದ. ಅಜ್ಜಿ ಮನೆಯಲ್ಲಿ ಎಣಿಸಿದರೆ ಮೂರು. ಎರಡೂ ಸೇರಿಸಿದರೆ ಏಳು. ‘ಪಾಣಿ’, ‘ನೀರು’ ಎರಡೂ ಒಂದೇ ವಸ್ತುವಾದ್ದರಿಂದ ಮಗು ಹೆಸರಿಸಬಲ್ಲ ಸಂಗತಿಗಳು ಆರು. ಒಂದೇ ಮಗು, ನಾಲ್ಕು ಉತ್ತರ. ಮೊದಲ ಎರಡು ಉತ್ತರಗಳನ್ನು ಹಿಡಿದು ಮಗು ಹಿಂದುಳಿದಿದೆ ಎಂದವರೇ ಇತಿಹಾಸದಲ್ಲಿ ಹೆಚ್ಚು. ಇನ್ನೊಂದು ವಿಷಯ: ಹೊಸ ಭಾಷೆಯ ಜಾಗಕ್ಕೆ ಹೋದ ಮಗು ಮೊದಮೊದಲು ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಬಾಯಿ ಬಿಡದೆ ಬರೀ ಕೇಳಿಸಿಕೊಳ್ಳುವುದುಂಟು. ಅದೂ ರೋಗವಲ್ಲ. ಮನೆಗೆ ಬಂದ ಕೂಡಲೇ ಅದೇ ಮಗು ಹರಟುತ್ತಿದ್ದರೆ ಹೆದರಬೇಕಾಗಿಲ್ಲ.

ಮಾತು ಬರದ ಮಗುವಿನ ಬಗ್ಗೆ ಮನುಷ್ಯನ ಕುತೂಹಲ ಹಳೆಯದು. 1580ರ ಸುಮಾರಿಗೆ ಅಕ್ಬರ್ ಬಾದಷಹ ಕೆಲವು ಹಸುಗೂಸುಗಳನ್ನು ಮಾತಾಡದ ದಾದಿಯರ ವಶಕ್ಕೆ ಕೊಟ್ಟು ಬೇರೆ ಮನೆಯಲ್ಲಿಟ್ಟು ಬೆಳೆಸಿದ. ಅವು ಯಾವ ಭಾಷೆಯನ್ನೂ ಆಡಲಿಲ್ಲ. ಆ ಮನೆಗೆ ‘ಗುಂಗ್ ಮಹಲ್’ ಎಂದೇ ಹೆಸರಾಯಿತು. ಕ್ರೂರ ಪ್ರಯೋಗ, ಆದರೆ ಫಲಿತಾಂಶ ಖಚಿತ: ಮಾತು ಕಿವಿಗೆ ಬೀಳದೆ ಬಾಯಿಗೆ ಬಾರದು. ನಮ್ಮ ಮನೆಗಳಲ್ಲಿ ಕುತೂಹಲಕ್ಕಿಂತ ಉಪಚಾರ ಹೆಚ್ಚು. ಬಜೆ ತೇದು ನಾಲಿಗೆಗೆ ಮುಟ್ಟಿಸುವುದು, ದೇವರಿಗೆ ಹರಕೆ, ‘ನಾಲಿಗೆ ಮಂದ’ ಎಂಬ ಸಮಾಧಾನ, ‘ಅವರಪ್ಪನೂ ಲೇಟಾಗೇ ಮಾತಾಡಿದ್ದು’ ಎಂಬ ಅಜ್ಜಿಯ ಭರವಸೆ ಎಲ್ಲವೂ ಇದ್ದವು, ಈಗಲೂ ಇವೆ. ಗಮನಿಸಬೇಕಾದ್ದು ಬೇರೆ: ಮನೆಯಲ್ಲಿ ಎರಡು ಭಾಷೆಯಿದೆ, ಅದಕ್ಕೇ ಮಾತು ತಡ ಎಂಬ ದೂರು ಈ ಹಳೆಯ ಉಪಚಾರಗಳ ಜೊತೆಗೆ ಬಂದದ್ದಲ್ಲ. ಅದು ಹೊರಗಿನಿಂದ, ಶಾಲೆ ಮತ್ತು ಪರೀಕ್ಷೆಗಳ ಜೊತೆಯಲ್ಲಿ ಬಂತು.

ಎರಡು ಭಾಷೆಯ ಮಗುವನ್ನು ಶಿಸ್ತಾಗಿ ಗಮನಿಸಿ ಬರೆದ ಮೊದಲ ಪುಸ್ತಕ ಫ್ರಾನ್ಸಿನ ಜೂಲ್ ರೋಂಜಾ 1913ರಲ್ಲಿ ಪ್ರಕಟಿಸಿದ್ದು. ತಾನು ಫ್ರೆಂಚ್, ಹೆಂಡತಿ ಜರ್ಮನ್ ಮಾತ್ರ ಆಡಿ ಬೆಳೆಸಿದ ಮಗ ಲೂಯಿ ಎರಡನ್ನೂ ಸರಾಗವಾಗಿ ಕಲಿತನೆಂದು ಆತ ದಾಖಲಿಸಿದ. ಒಬ್ಬರು ಒಂದೇ ಭಾಷೆ ಆಡಬೇಕೆಂಬ, ಇವತ್ತಿಗೂ ಕೇಳಿಬರುವ ನಿಯಮ ಹೆಸರಾದದ್ದು ಅಲ್ಲಿಂದ. ಮುಂದೆ ವರ್ನರ್ ಲಿಯೊಪೋಲ್ಡ್ ತನ್ನ ಮಗಳು ಹಿಲ್ಡೆಗಾರ್ಡಳ ಜರ್ಮನ್-ಇಂಗ್ಲಿಷ್ ಬೆಳವಣಿಗೆಯನ್ನು 1939ರಿಂದ 1949ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದ. ಮನೆಯೊಳಗೆ ಕೂತು ನೋಡಿದ ಈ ಇಬ್ಬರೂ ಗಾಬರಿಯಾಗಲಿಲ್ಲ. ಗಾಬರಿಯಾದವರು ಹೊರಗಿನಿಂದ ಪರೀಕ್ಷೆ ಹಿಡಿದು ಬಂದವರು. ವೇಲ್ಸಿನಲ್ಲಿ ಡಿ. ಜೆ. ಸೇರ್ 1923ರಲ್ಲಿ, ಹಳ್ಳಿಯ ದ್ವಿಭಾಷಿ ಮಕ್ಕಳ ಬುದ್ಧಿಮಟ್ಟ ಕಡಿಮೆ ಎಂದು ತೀರ್ಪಿತ್ತ. ಹವಾಯಿಯಲ್ಲಿ ಮಡೋರಾ ಸ್ಮಿತ್ 1939ರಲ್ಲಿ, ವಲಸೆ ಬಂದ ಮನೆಗಳ ಪುಟ್ಟ ಮಕ್ಕಳು ಭಾಷೆಯಲ್ಲಿ ವರ್ಷಗಟ್ಟಲೆ ಹಿಂದಿದ್ದಾರೆಂದು ಬರೆದಳು. ಆಕೆ ಅಳೆದದ್ದು ಅವರ ಇಂಗ್ಲಿಷ್ ಅನ್ನು. ಮನೆಯಲ್ಲಿ ಆಡುವ ಜಪಾನಿ, ಚೀನೀ ಮಾತುಗಳು ಲೆಕ್ಕಕ್ಕೇ ಬರಲಿಲ್ಲ. ಬಡತನ, ಹಳ್ಳಿ, ಪರಿಚಯವಿಲ್ಲದ ಪರೀಕ್ಷಕ ಎಲ್ಲದರ ಹೊರೆಯನ್ನೂ ಎರಡನೆಯ ಭಾಷೆಯ ತಲೆಗೆ ಕಟ್ಟಿದರು. 1962ರಲ್ಲಿ ಮಾಂಟ್ರಿಯಲ್‌ನ ಎಲಿಜಬೆತ್ ಪೀಲ್ ಮತ್ತು ವಾಲೆಸ್ ಲ್ಯಾಂಬರ್ಟ್ ಮನೆಯ ಆರ್ಥಿಕ ಸ್ಥಿತಿಯನ್ನು ಸರಿದೂಗಿಸಿ ಹೋಲಿಸಿದಾಗ ಚಿತ್ರ ತಿರುಗಿತು. ದ್ವಿಭಾಷಿ ಮಕ್ಕಳು ಹಿಂದಿರಲಿಲ್ಲ, ಹಲವು ಪರೀಕ್ಷೆಗಳಲ್ಲಿ ಮುಂದಿದ್ದರು.

ಪದಗಳ ಎಣಿಕೆಯ ಪ್ರಶ್ನೆ ಬಗೆಹರಿದದ್ದು ಇನ್ನೂ ಮೂರು ದಶಕದ ಮೇಲೆ. ಬಾರ್ಬರಾ ಪಿಯರ್ಸನ್ ಮತ್ತು ಸಂಗಡಿಗರು 1993ರಲ್ಲಿ ಮಯಾಮಿಯ ಸ್ಪ್ಯಾನಿಶ್-ಇಂಗ್ಲಿಷ್ ಮನೆಗಳ 25 ಎಳೆಯ ಮಕ್ಕಳ ಎರಡೂ ಭಾಷೆಯ ಪದಗಳನ್ನು ಪಟ್ಟಿ ಮಾಡಿ, ಒಂದೇ ಭಾಷೆಯ ಮಕ್ಕಳೊಂದಿಗೆ ಹೋಲಿಸಿದರು. ಒಟ್ಟು ಪದಸಂಪತ್ತಿನಲ್ಲಿ ವಿಳಂಬಕ್ಕೆ ಆಧಾರ ಸಿಗಲಿಲ್ಲ. 2003ರಲ್ಲಿ ಜೊಹಾನ್ ಪ್ಯಾರಡಿಸ್, ಫ್ರೆಡ್ ಜೆನೆಸಿ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದಿಟ್ಟರು: ನಿಜವಾದ ಭಾಷಾ ತೊಂದರೆಯಿರುವ ಫ್ರೆಂಚ್-ಇಂಗ್ಲಿಷ್ ಮಕ್ಕಳ ವ್ಯಾಕರಣದ ತಪ್ಪುಗಳು, ಅದೇ ತೊಂದರೆಯ ಒಂದು ಭಾಷೆಯ ಮಕ್ಕಳ ತಪ್ಪುಗಳಿಗಿಂತ ಹೆಚ್ಚೇನೂ ಇರಲಿಲ್ಲ. ಅಂದರೆ ತೊಂದರೆಯಿರುವ ಮಗುವಿನಿಂದಲೂ ಒಂದು ಭಾಷೆಯನ್ನು ಕಿತ್ತುಕೊಂಡು ಲಾಭವಿಲ್ಲ.

ಈ ವಾದವಿವಾದಗಳು ಪಶ್ಚಿಮದಲ್ಲಿ ನಡೆಯುತ್ತಿದ್ದಾಗ ಕನ್ನಡ ನಾಡಿನ ಗಡಿಗಳಲ್ಲಿ ಉತ್ತರ ಕಣ್ಣೆದುರೇ ಇತ್ತು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಬರೆದ ಪ್ರಸಿದ್ಧ ಲೇಖನ ಸಾಂಗ್ಲಿ ಜಿಲ್ಲೆಯ ಕುಪ್ವಾಡ ಎಂಬ ಹಳ್ಳಿಯದು. ಅಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಶತಮಾನಗಳಿಂದ ಒಟ್ಟಿಗೆ ಬಾಳಿ, ಪದಗಳು ಬೇರೆಯಾದರೂ ವಾಕ್ಯದ ಕಟ್ಟು ಬಹುಮಟ್ಟಿಗೆ ಒಂದೇ ಆಗಿಬಿಟ್ಟಿತ್ತು. ಕಾಸರಗೋಡಿನಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ ಒಂದೇ ಬೀದಿಯ ಮಾತು. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಬೇಂದ್ರೆಯವರದು ಮರಾಠಿ, ಮಾಸ್ತಿ ಮತ್ತು ಪು.ತಿ.ನ. ಅವರದು ತಮಿಳು, ನಿಸಾರ್ ಅಹಮದ್ ಅವರದು ಉರ್ದು. ಕನ್ನಡದ ಆಧುನಿಕ ಕಾವ್ಯದ ದೊಡ್ಡ ಪಾಲು ಎರಡು ಭಾಷೆಯ ಮನೆಗಳಿಂದಲೇ ಬಂದಿರುವಾಗ, ಎರಡು ಭಾಷೆ ನಾಲಿಗೆಯನ್ನು ಕಟ್ಟುತ್ತದೆ ಎಂಬ ಮಾತನ್ನು ಕನ್ನಡಿಗರು ಅಷ್ಟು ಸುಲಭವಾಗಿ ನಂಬಿದ್ದು ಸೋಜಿಗ.

ವಾಕ್ ಮತ್ತು ಶ್ರವಣದ ವಿಜ್ಞಾನ ಕರ್ನಾಟಕದಲ್ಲಿ ನೆಲೆಯಾದದ್ದು ಮೈಸೂರಿನಲ್ಲಿ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ. ಜನ ಇಂದಿಗೂ ‘ಆಯಿಷ್’ ಎಂದೇ ಕರೆಯುತ್ತಾರೆ. ಅಲ್ಲಿ ಎದುರಾದ ಮೊದಲ ಕಷ್ಟ ಸಾಮಗ್ರಿಯದ್ದು: ಪರೀಕ್ಷೆಗಳೆಲ್ಲ ಇಂಗ್ಲಿಷಿನವು. ಇಂಗ್ಲಿಷಿನಲ್ಲಿ ‘ಳ’, ‘ಣ’ ಇಲ್ಲ, ವಿಭಕ್ತಿ ಪ್ರತ್ಯಯಗಳಿಲ್ಲ. ಕನ್ನಡದ ಮಗು ‘ನಂಗೆ’, ‘ಮನೇಲಿ’, ‘ಬರ್ತೀನಿ’ ಎಂದು ಒಂದೊಂದು ಪದದೊಳಗೇ ಹೊಲಿದುಕೊಳ್ಳುವ ವ್ಯಾಕರಣವನ್ನು ಆ ಪರೀಕ್ಷೆ ಕಾಣುವುದೇ ಇಲ್ಲ. ಬಾಬು, ರತ್ನ ಮತ್ತು ಬೆಟ್ಟಗೇರಿ 1972ರಲ್ಲಿ ಕನ್ನಡದ ಉಚ್ಚಾರಣಾ ಪರೀಕ್ಷೆ ರೂಪಿಸಿದರು. ಈ ರತ್ನ ಮೈಸೂರಿನವರಿಗೆ ನಾಟಕದ ಎನ್. ರತ್ನರೇ, ಮುಂದೆ ಆಯಿಷ್‌ನ ನಿರ್ದೇಶಕರೂ ಆದರು.  ಪ್ರತಿಭಾ ಕಾರಂತರು 1980ರಲ್ಲಿ ಕನ್ನಡದ ಭಾಷಾ ಪರೀಕ್ಷೆ ಸಿದ್ಧಪಡಿಸಿದರು. 1986ರಲ್ಲಿ ಗೀತಾ ಹೆರ್ಲೇಕರ್ 9ರಿಂದ 36 ತಿಂಗಳ ಮಕ್ಕಳಿಗಾಗಿ, ಗ್ರಹಿಕೆ, ಅಭಿವ್ಯಕ್ತಿ, ಅರಿವು ಮೂರನ್ನೂ ಬೇರೆಬೇರೆ ನೋಡುವ ಪರೀಕ್ಷೆ ತಂದರು. ಗ್ರಹಿಕೆಯನ್ನು ಬೇರೆ ಮಾಡಿದ್ದು ನನ್ನ ಮಟ್ಟಿಗೆ ಈ ಇತಿಹಾಸದ ದೊಡ್ಡ ತಿರುವು. ‘ಚಪ್ಪಲಿ ತಗೊಂಡು ಬಾ’ ಎಂದರೆ ಎದ್ದು ಹೋಗಿ ತರುವ ಮಗು, ಆಡದಿದ್ದರೂ, ಭಾಷೆಯೊಳಗೆ ಆಗಲೇ ಕಾಲಿಟ್ಟಿದೆ. ಕೂಗಿದರೂ ತಿರುಗಿ ನೋಡದ ಮಗುವಿನ ಕಥೆ ಬೇರೆ.

ಅದೇ ಮೈಸೂರಿನಲ್ಲಿ 1969ರಲ್ಲಿ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಹುಟ್ಟಿತು. ಅದರ ಸ್ಥಾಪಕ ನಿರ್ದೇಶಕ ಡಿ. ಪಿ. ಪಟ್ಟನಾಯಕ್ ಬಹುಭಾಷಿಕತೆಯೇ ಭಾರತದ ಸಹಜ ಸ್ಥಿತಿ ಎಂದು ಬದುಕಿನುದ್ದಕ್ಕೂ ವಾದಿಸಿದರು. ಊರೊಂದೇ ಆದರೂ ಒಂದು ಸಂಸ್ಥೆಯ ಈ ತಿಳಿವಳಿಕೆ ಇನ್ನೊಂದರ ಚಿಕಿತ್ಸಾ ಕೊಠಡಿಯಿಂದಾಚೆಗೆ ಹಳ್ಳಿಯ ಡಾಕ್ಟರವರೆಗೆ, ಎಲ್‌ಕೆಜಿ ಟೀಚರವರೆಗೆ ಸಾಗಲು ಬಹಳ ಕಾಲ ಹಿಡಿಯಿತು. ‘ಮನೆಯಲ್ಲಿ ಒಂದೇ ಭಾಷೆ ಆಡಿ, ಮಗುವಿಗೆ ಕನ್‌ಫ್ಯೂಸ್ ಆಗುತ್ತೆ’ ಎಂಬ ಸಲಹೆ ಈಗಲೂ ಕೇಳಿಸುತ್ತದೆ. ವಿದೇಶಕ್ಕೆ ಹೋದ ಕನ್ನಡದ ಮನೆಗಳಲ್ಲಿ ಬಿಟ್ಟುಕೊಡುವ ಭಾಷೆ ಕನ್ನಡ, ತಾಂಡಾದಲ್ಲಿ ಲಂಬಾಣಿ. ಎರಡೂ ಕಡೆ ನಷ್ಟ ಒಂದೇ: ಮಗುವಿನೊಂದಿಗೆ ದಿನವಿಡೀ ಮಾತಾಡಬಲ್ಲ ಅಜ್ಜಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ತಾಯಿ ತನಗೆ ಸರಿಯಾಗಿ ಬಾರದ ಭಾಷೆಯಲ್ಲಿ ಎರಡು ಮಾತಿಗೇ ನಿಲ್ಲಿಸುತ್ತಾಳೆ. ಮಾತು ತಡವಾದ ಮಗುವಿಗೆ ಬೇಕಾದದ್ದು ಹೆಚ್ಚು ಮಾತು. ಈ ಸಲಹೆಯಿಂದ ಸಿಗುವುದು ಕಡಿಮೆ ಮಾತು. ‘ಬಾಟಿ ಬೇಡ’ ಎಂದು ಎರಡು ಭಾಷೆ ಬೆರೆಸುವ ಮಗುವೂ ಗೊಂದಲಗೊಂಡಿಲ್ಲ. ಅದು ಎರಡು ಪದ ಜೋಡಿಸಿದೆ, ರೆಸ್ಕೋರ್ಲಾಳ ಅಳತೆಯ ಜೋಡಣೆಯ ಭಾಗದಲ್ಲಿ ಪಾಸಾಗಿದೆ.

ಇದಕ್ಕೆ ಇನ್ನೊಂದು ಮುಖವೂ ಇದೆ, ಹೆಚ್ಚು ಅಪಾಯದ್ದು. ಎರಡು ಭಾಷೆ ಇದೆಯಲ್ಲ, ತಡವಾಗೇ ಬರುತ್ತದೆ ಎಂದು ಸುಮ್ಮನಾಗುವುದು. ಕಾರಣವಲ್ಲದ್ದನ್ನು ಕಾರಣವೆಂದು ನಂಬಿದರೆ ನಿಜವಾದ ಕಾರಣ ಹುಡುಕುವವರಿಲ್ಲ. ಹುಟ್ಟುವ ಸಾವಿರ ಮಕ್ಕಳಲ್ಲಿ ಒಂದರಿಂದ ಮೂರಕ್ಕೆ ಶಾಶ್ವತ ಶ್ರವಣದೋಷವಿರುತ್ತದೆ. ಸೋದರಮಾವನನ್ನೋ ಅತ್ತೆಮಗನನ್ನೋ ಮದುವೆಯಾಗುವ ರೂಢಿಯಿರುವ ಕಡೆ ಆನುವಂಶಿಕ ಕಿವುಡಿನ ಸಂಭವ ಹೆಚ್ಚು. ಆಟಿಸಂ, ಬುದ್ಧಿಬೆಳವಣಿಗೆಯ ಕುಂಠನ, ಪದೇ ಪದೇ ಸೋರುವ ಕಿವಿ ಇವಕ್ಕೂ ಭಾಷೆಗಳ ಸಂಖ್ಯೆಗೂ ಸಂಬಂಧವಿಲ್ಲ. ಅಮೆರಿಕದ ಕೊಲರಾಡೊದಲ್ಲಿ ಕ್ರಿಸ್ಟೀನ್ ಯೋಶಿನಾಗ-ಇಟಾನೊ 1998ರಲ್ಲಿ ತೋರಿಸಿದಂತೆ, ಆರು ತಿಂಗಳೊಳಗೆ ಶ್ರವಣದೋಷ ಪತ್ತೆಯಾದ ಮಕ್ಕಳ ಭಾಷೆ ತಡವಾಗಿ ಪತ್ತೆಯಾದವರಿಗಿಂತ ಎಷ್ಟೋ ಚೆನ್ನಾಗಿ ಬೆಳೆಯುತ್ತದೆ. ಮೂರು ವರ್ಷದವರೆಗೆ ಕಾಯುವ ಮನೆ ಆ ಅವಧಿಯನ್ನು ಕಳೆದುಕೊಂಡಿರುತ್ತದೆ. ಈಚಿನ ದಶಕದಲ್ಲಿ ಮೊಬೈಲೂ ಸೇರಿಕೊಂಡಿದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡವೆಂದು ಭಾರತೀಯ ಮಕ್ಕಳ ತಜ್ಞರ ಸಂಘ 2021ರಲ್ಲಿ ಹೇಳಿತು. ಮೊಬೈಲಿನಲ್ಲಿ ಇಂಗ್ಲಿಷ್ ರೈಮ್ಸ್ ಹಾಡುವ, ಆದರೆ ‘ನೀರು ಬೇಕು’ ಎಂದು ಕೇಳಲಾರದ ಮಗುವನ್ನು ಎರಡು ಭಾಷೆಯ ಮಗು ಎನ್ನಲಾಗದು.

ತಪಾಸಣೆಯ ವ್ಯವಸ್ಥೆ ಹಳ್ಳಿಯವರೆಗೆ ಬಂದದ್ದು ನಿಧಾನವಾಗಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ತಿರುಮಕೂಡಲು ನರಸೀಪುರ. ಅಂಗನವಾಡಿ ಅಲ್ಲಿಂದ ಊರೂರಿಗೆ ಹರಡಿತು. ಆದರೆ ತೂಕದ ಯಂತ್ರ ಇದ್ದಷ್ಟು ಗಟ್ಟಿಯಾಗಿ ಮಾತಿನ ಅಳತೆ ಅಲ್ಲಿರಲಿಲ್ಲ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಭಾಷಾ ವಿಳಂಬವನ್ನು ತನ್ನ ಪಟ್ಟಿಗೆ ಸೇರಿಸಿತು. ಅದರ ತಂಡಗಳು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ನೋಡಬೇಕು, ಸಂಶಯವಿದ್ದರೆ ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ವಾಕ್ ಮತ್ತು ಭಾಷಾ ನ್ಯೂನತೆಯನ್ನು 21 ಬಗೆಗಳಲ್ಲಿ ಒಂದೆಂದು ಗುರುತಿಸಿತು. ಕಾಗದದ ಮೇಲೆ ಇಷ್ಟು ಸಾಕು. ಕೊರತೆಯಿರುವುದು ಲಂಬಾಣಿ, ಭೋವಿ ತೆಲುಗು, ಬ್ಯಾರಿಯಂಥ ಮನೆಮಾತುಗಳನ್ನು ಬಲ್ಲ ಪರೀಕ್ಷಕರದ್ದು. ಅಂಥವರು ಸಿಗುವವರೆಗೆ ತಾಯಿಯನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಮಗು ಮನೆಯಲ್ಲಿ ಏನೇನು ಹೇಳುತ್ತದೆಂದು ಕೇಳಿ ಬರೆದುಕೊಳ್ಳುವುದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ.

ಅಮೃತಾಪುರದಲ್ಲಾಗಲಿ ಅಜ್ಜಂಪುರದಲ್ಲಾಗಲಿ, ಎರಡು ವರ್ಷ ತುಂಬಿದ ಮಗುವಿಗೆ ಎರಡೂ ಭಾಷೆ ಸೇರಿ 50 ಪದ ಆಗದಿದ್ದರೆ, ಪದ ಜೋಡಿಸದಿದ್ದರೆ, ಯಾವ ವಯಸ್ಸಿನಲ್ಲೇ ಆಗಲಿ ಬಂದ ಮಾತು ನಿಂತುಹೋದರೆ, ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮನೆಮಾತು ಬಿಡಬೇಡಿ.