ಕೇಳುಗರು ತುಂಬುವ ಕಥೆ

ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆ ಸೀಮೆಯ ಗೊಲ್ಲರಹಟ್ಟಿಗಳಿಗೆ ಜುಂಜಪ್ಪ ದೇವರೂ ಹೌದು, ಕಥಾನಾಯಕನೂ ಹೌದು. ಕಾಡುಗೊಲ್ಲರ ಈ ದನಗಾಹಿ ವೀರನ ಕಾವ್ಯವನ್ನು ಗಣೆ ಎಂಬ ಉದ್ದನೆಯ ಬಿದಿರು ಕೊಳಲಿನೊಂದಿಗೆ ಹಾಡುತ್ತಾರೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಅವನ ಹೆಸರಾಂತ ನೆಲೆ. ಹಟ್ಟಿಯವರೂ ಪಟ್ಟಣದವರೂ ಒಟ್ಟಿಗೆ ಕೂತು ಕೇಳಿದರೂ ಅವರವರ ತಲೆಯಲ್ಲಿ ಮೂಡುವ ಕಥೆ ಬೇರೆ ಬೇರೆ.

ಹಾಡು ಹೇಳದೆ ಬಿಟ್ಟದ್ದು

ಬರಗಾಲದಲ್ಲಿ ಮೇವು ಹುಡುಕಿಕೊಂಡು ದನ ಹೊಡೆದುಕೊಂಡು ಹೊರಟರು ಎಂದಷ್ಟೇ ಒಬ್ಬ ಕಥೆಗಾರ ಹೇಳಿದನೆನ್ನಿ. ದನ ಕಾಯ್ದು ಬೆಳೆದವರಿಗೆ ಅಷ್ಟು ಸಾಕು. ನಡೆಯಲಾರದ ಕರುವಿನ ಭಾರ, ಬತ್ತಿದ ಕಟ್ಟೆಯ ಮುಂದೆ ಕದಲದೆ ನಿಂತ ಹಸು, ಮುಂದಿನ ಊರಿನವರು ಹೊಲದಲ್ಲಿ ಮೇಯಲು ಬಿಡುತ್ತಾರೋ ಇಲ್ಲವೋ ಎಂಬ ದಿಗಿಲು, ಎಲ್ಲವೂ ತಾವಾಗಿಯೇ ಬಂದು ಕೂಡಿಕೊಳ್ಳುತ್ತವೆ. ಉಳಿದವರಿಗೆ ಅದು ಯಾರೋ ಊರು ಬಿಟ್ಟ ಸುದ್ದಿ.

ಅನುಭವದಿಂದ ಮನಸ್ಸಿನಲ್ಲಿ ಕಟ್ಟಿಕೊಂಡ ಇಂಥ ಚೌಕಟ್ಟನ್ನು ಮನೋವಿಜ್ಞಾನಿಗಳು ಸ್ಕೀಮಾ ಎನ್ನುತ್ತಾರೆ. ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್ 1932ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದರು. ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಓದಿದ ಇಂಗ್ಲಿಷರು ಅದನ್ನು ಮತ್ತೆ ಹೇಳುವಾಗ, ಸೀಲ್ ಬೇಟೆ ಮೀನು ಹಿಡಿಯುವ ಕೆಲಸವಾಗಿಬಿಟ್ಟಿತ್ತು.

ಎರಡು ಮದುವೆಗಳು

1979ರಲ್ಲಿ ಪ್ರಕಟವಾದ ಅಧ್ಯಯನವೊಂದು ನಮಗೆ ಇನ್ನೂ ಹತ್ತಿರದ್ದು. ಭಾರತೀಯರಿಗೂ ಅಮೆರಿಕನ್ನರಿಗೂ ಎರಡೂ ದೇಶಗಳ ಮದುವೆಯನ್ನು ಬಣ್ಣಿಸುವ ಕಾಗದಗಳನ್ನು ಓದಲು ಕೊಟ್ಟರು. ತಮ್ಮ ಕಡೆಯ ಮದುವೆಯದನ್ನು ಇಬ್ಬರೂ ಬೇಗ ಓದಿದರು, ಹೆಚ್ಚು ನೆನಪಿಟ್ಟರು. ಅಮೆರಿಕದ ವಧು ಅಜ್ಜಿಯ ಉಡುಪು ತೊಟ್ಟದ್ದು ಅಲ್ಲಿನವರಿಗೆ ಹೆಮ್ಮೆಯ ವಿಷಯ. ಭಾರತೀಯ ಓದುಗರೊಬ್ಬರಿಗೆ ಅದು ಬರೀ ಹಳೇ ಬಟ್ಟೆಯಾಗಿ ಕಂಡಿತು.

ಮಿದುಳಿನೊಳಗೆ

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ಗುಂಪುಗಳು ಒಂದೇ ಕಥೆ ಕೇಳಿದವು. ಹೆಂಡತಿ ಮೋಸ ಮಾಡುತ್ತಿದ್ದಾಳೆ ಎಂದು ಒಂದು ಗುಂಪಿಗೆ, ಗಂಡ ಸುಮ್ಮನೆ ಅನುಮಾನಪಡುತ್ತಿದ್ದಾನೆ ಎಂದು ಇನ್ನೊಂದಕ್ಕೆ ಮೊದಲೇ ತಿಳಿಸಿದ್ದರು. ಎಂಆರ್‌ಐ ಯಂತ್ರದಲ್ಲಿ ನೋಡಿದಾಗ, ಅರ್ಥ ಕಟ್ಟುವ ಭಾಗಗಳ ಚಟುವಟಿಕೆ ಗುಂಪಿನೊಳಗೆ ಹೋಲುತ್ತಿತ್ತು, ಗುಂಪಿನಿಂದ ಗುಂಪಿಗೆ ಬೇರೆಯಾಗಿತ್ತು. ಒಂದು ಮಾತಿನ ಸೂಚನೆಗೇ ಹೀಗಾದರೆ, ಹುಟ್ಟಿದಂದಿನಿಂದ ಮಂದೆಯ ಜೊತೆ ಬಾಳಿದವರ ಕೇಳ್ಮೆ ಎಷ್ಟು ಬೇರೆಯಿರಬೇಡ!

ಸಂಗ್ರಹಿಸುವವರಿಗೆ

ಜನಪದ ಕಾವ್ಯ ದಾಖಲಿಸುವವರು ಹಾಡಿಗೆ ನಿಲ್ಲಿಸಬೇಡಿ. ಯಾವ ಸಾಲಿಗೆ ಹಟ್ಟಿಯ ಹಿರಿಯರ ಕಣ್ಣು ತುಂಬಿತು, ಯಾಕೆ ಎಂದು ಕೇಳಿ, ಪಕ್ಕದಲ್ಲೇ ಬರೆದಿಡಿ.