ಕಂಬಳಿಯ ಆಯುಷ್ಯ

ವಿಜಯನಗರದ ಅರಸ ಒಮ್ಮೆ ಉಟ್ಟ ಬಟ್ಟೆಯನ್ನು ಮತ್ತೆ ಉಡುತ್ತಿರಲಿಲ್ಲ ಎಂದು ಪೋರ್ಚುಗೀಸ್ ಪ್ರವಾಸಿ ನ್ಯೂನಿಜ್ ಬರೆದಿದ್ದಾನೆ. ಅವನು ಇಲ್ಲಿದ್ದದ್ದು 1535ರ ಆಸುಪಾಸಿನಲ್ಲಿ, ಅಚ್ಯುತರಾಯನ ಕಾಲಕ್ಕೆ. ಬಿಚ್ಚಿದ ಬಟ್ಟೆ ನೇರವಾಗಿ ಅದಕ್ಕೆಂದೇ ನೇಮಿಸಿದ ಅಧಿಕಾರಿಗಳ ಕೈಗೆ ಹೋಗುತ್ತಿತ್ತು. ಅವರು ಲೆಕ್ಕ ಒಪ್ಪಿಸಬೇಕು. ಬಟ್ಟೆಯನ್ನು ಮಾತ್ರ ಯಾರಿಗೂ ಕೊಡುವಂತಿಲ್ಲ. ಅಂದರೆ ಹಂಪಿಯಲ್ಲಿ ಎಲ್ಲೋ ಒಂದು ಕಡೆ ಬಟ್ಟೆಯ ಉಗ್ರಾಣವೇ ಇದ್ದಿರಬೇಕು. ಇವತ್ತು ಆ ಕಾಲದ ಉಡುಪು ನೋಡಬೇಕಾದರೆ ಹಜಾರ ರಾಮನ ಗುಡಿಯ ಗೋಡೆಗೋ ಲೇಪಾಕ್ಷಿಯ ಚಿತ್ರಗಳಿಗೋ ಹೋಗಬೇಕು. ಕಲ್ಲು, ಬಣ್ಣ ಉಳಿದವು, ನೂಲು ಉಳಿಯಲಿಲ್ಲ.

ಅರಸನ ಜರಿ ಬಟ್ಟೆಯ ಕಥೆಯೇ ಹೀಗಾದರೆ ಕುರುಬರ ಕಂಬಳಿಯನ್ನು ಕೇಳುವವರು ಯಾರು? ಅದು ಒಂದು ದಿನದ ಉಡುಪಲ್ಲ, ಇಡೀ ಆಯುಷ್ಯದ್ದು. ಮಳೆಗೆ ಕೊಪ್ಪೆ, ರಾತ್ರಿಗೆ ಹಾಸಿಗೆ, ಸುಗ್ಗಿಯಲ್ಲಿ ಕಾಳು ಕಟ್ಟುವ ಗಂಟು, ಪೂಜೆಗೆ ಗದ್ದುಗೆ. ಮೈಲಾರದ ಗೊರವಯ್ಯನ ಮೈಮೇಲಿರುವುದೂ ಅದೇ ಕರಿ ಕಂಬಳಿ. ಬ್ರಿಟಿಷರು ಈ ಮಾತನ್ನು 'ಕಂಬ್ಲಿ' ಎಂದೇ ಎತ್ತಿಕೊಂಡರು. 1886ರ 'ಹಾಬ್ಸನ್-ಜಾಬ್ಸನ್' ನಿಘಂಟಿನಲ್ಲಿ ಅದಕ್ಕೂ ಒಂದು ಜಾಗ ಸಿಕ್ಕಿತು.

ಟಿ.ಬಿ. ಡ್ಯಾಂನಲ್ಲಿ ನಾನು ಮಾತಾಡಿಸಿದ ಅಜ್ಜಿಯೊಬ್ಬರ ಟ್ರಂಕಿನಲ್ಲಿ ಅಂಥದೊಂದು ಕಂಬಳಿ ಇದೆ. ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ನೀರು ನಿಂತಿತು. ಸುಮಾರು 90 ಹಳ್ಳಿಗಳು ಮುಳುಗಿದವು. ಆಗ ಅಜ್ಜಿ ಐದಾರು ವರ್ಷದ ಹುಡುಗಿ. ಊರು ಬಿಡುವಾಗ ಅವರಪ್ಪ ಪಾತ್ರೆಪಡಗ ಗಂಟು ಕಟ್ಟಿದ್ದು ಈ ಕಂಬಳಿಯಲ್ಲೇ. ಮುಳುಗಿದ ಹಳ್ಳಿಗಳ ಬಗ್ಗೆ ನನಗೆ ಸಿಗುವ ಕಾಗದಗಳೆಲ್ಲ ಎಕರೆ, ಪರಿಹಾರದ ಲೆಕ್ಕ ಹೇಳುತ್ತವೆ. ಮನೆಯೊಳಗಿನ ವಸ್ತು ಸಿಗುವುದು ಅಪರೂಪ. ಸಿಕ್ಕ ಈ ಒಂದನ್ನು ನುಸಿ ತಿನ್ನುತ್ತಿದೆ.

"ಮದ್ಲು ಮಾಳಿಗಿ ಮ್ಯಾಲ ಬಿಸ್ಲಿಗೆ ಹಾಕ್ತಿದ್ವಿ. ಟ್ರಂಕಿನ್ಯಾಗ ಇಟ್ಟು ಮರ್ತ್ವಿ ನೋಡಪ್ಪ, ಆವಾಗ ಹತ್ತಿತು" ಅಂದರು ಅಜ್ಜಿ.

ಅವರು ಹೇಳಿದ್ದರಲ್ಲಿ ವಿಜ್ಞಾನವೇ ಇದೆ. ಉಣ್ಣೆ ಎಂದರೆ ಕೆರಾಟಿನ್, ನಮ್ಮ ಕೂದಲು ಉಗುರುಗಳ ಪದಾರ್ಥವೇ. ಅದನ್ನು ತಿನ್ನುವುದು ಹಾರಾಡುವ ಪತಂಗವಲ್ಲ, ಅದರ ಮರಿಹುಳು. ಅದಕ್ಕೆ ಕತ್ತಲು ಬೇಕು, ಯಾರೂ ಮುಟ್ಟದ ಮೂಲೆ ಬೇಕು. ಬೆವರಿನ, ಊಟದ ಕಲೆ ಇದ್ದರಂತೂ ಹಬ್ಬ. ದಿನಾ ಹೊದ್ದು, ಕೊಡವಿ, ಬಿಸಿಲಿಗೆ ಹರವುವ ಕಂಬಳಿಯಲ್ಲಿ ಇವು ಯಾವುದೂ ಇಲ್ಲ. ಜೋಪಾನವಾಗಿ ಮುಚ್ಚಿಟ್ಟದ್ದೇ ಕಂಬಳಿಗೆ ಮುಳುವಾಯಿತು. ಮಡಿಕೆಯಲ್ಲಿ ಬೇವಿನ ಸೊಪ್ಪು ಇಡುವ ರೂಢಿ ಒಳ್ಳೆಯದೇ. ಆದರೆ ಒಳಗಾಗಲೇ ಇಟ್ಟಿರುವ ಮೊಟ್ಟೆಗಳನ್ನು ಅದು ಕೊಲ್ಲುತ್ತದೆ ಎಂದು ನಂಬಿ ಕೂರಬಾರದು.

ಅದೇ ಟ್ರಂಕಿನಲ್ಲಿ ಸೊಸೆ ಕೈಯಲ್ಲಿ ಹೆಣೆದ ಎರಡು ಉಣ್ಣೆ ಸ್ವೆಟರುಗಳೂ ಇದ್ದವು. ನಮ್ಮ ಕಡೆ ಚಳಿ ನಾಲ್ಕಾರು ವಾರ, ಉಳಿದ ದಿನವೆಲ್ಲ ಸ್ವೆಟರಿಗೆ ಟ್ರಂಕಿನ ವಾಸವೇ. ಕಂಬಳಿಯ ಉಪಚಾರ ಇದಕ್ಕೆ ಪೂರ್ತಿ ಒಗ್ಗುವುದಿಲ್ಲ. ಕಂಬಳಿ ಹಾಸುಹೊಕ್ಕಿನ ನೇಯ್ಗೆ. ಹಾಸಿನ ನೂಲಿಗೆ ಹುಣಸೆ ಬೀಜದ ಸರಿ ಕುಡಿಸಿ ಕುಣಿಮಗ್ಗದಲ್ಲಿ ನೇಯ್ದದ್ದು. ಹಗ್ಗದ ಮೇಲೆ ಎಸೆದರೂ ಜಗ್ಗುವುದಿಲ್ಲ. ಸ್ವೆಟರು ಕುಣಿಕೆಗೆ ಕುಣಿಕೆ ಸೇರಿಸಿ ಹೆಣೆದದ್ದು. ಹ್ಯಾಂಗರಿಗೆ ಹಾಕಿದರೆ ತನ್ನ ಭಾರಕ್ಕೆ ತಾನೇ ಜೋತು ಭುಜದಲ್ಲಿ ಗೂಟ ಮೂಡುತ್ತದೆ. ಒಂದು ಕುಣಿಕೆ ಕಡಿದರೆ ಸಾಲಿಡೀ ಬಿಚ್ಚಿಕೊಳ್ಳುತ್ತದೆ. ಅದನ್ನು ತಣ್ಣೀರಲ್ಲಿ ಒಗೆದು, ಹಿಂಡದೆ, ನೆರಳಲ್ಲಿ ಮಲಗಿಸಿ ಒಣಗಿಸಬೇಕು. ಪೂರ್ತಿ ಒಣಗಿದ ಮೇಲೆ ಮಡಚಿ ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿಡಬೇಕು. ನುಸಿಯ ಅನುಮಾನವಿದ್ದರೆ ಗಾಳಿಯಾಡದ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಮೊಟ್ಟೆಯೂ ಸಾಯುತ್ತದೆ. ವಸ್ತುಸಂಗ್ರಹಾಲಯಗಳು ಮಾಡುವುದೂ ಇದನ್ನೇ. ಸೊಸೆ ನಕ್ಕರು, ಆದರೆ ಐಸ್‌ಕ್ರೀಮ್ ಡಬ್ಬಿ ಸರಿಸಿ ಜಾಗ ಮಾಡಿದರು.

ಕಂಬಳಿ ಫ್ರೀಜರಿಗೆ ಹಿಡಿಯುವಂಥದ್ದಲ್ಲ. ಅದನ್ನು ಮಾಳಿಗೆಗೆ ಒಯ್ದು, ಕೊಡವಿ, ಮಡಿಕೆ ಮಡಿಕೆಯನ್ನೂ ಬ್ರಷ್ಷಿನಿಂದ ಉಜ್ಜಿದೆವು. ಹನ್ನೊಂದು ತೂತು ಎಣಿಸಿದೆ. ಯಾವುದಾದರೂ ಮ್ಯೂಸಿಯಂಗೆ ಕೊಟ್ಟರೆ ನೂರು ವರ್ಷ ಉಳಿದೀತು ಎಂದು ನಾನು ಅಜ್ಜಿಗೆ ಹೇಳಿದೆ.

"ಕೊಡಾಕ ಬರಂಗಿಲ್ಲಪ್ಪ. ಅದನ್ನ ನನ್ನ ಮ್ಯಾಲ ಹೊದಿಸಬೇಕು" ಅಂದರು ಅಜ್ಜಿ.