ಪೂರ್ವಪಕ್ಷವೂ ಗಣಿತಪಾಠವೂ

ಭದ್ರಾತೀರದ ಹೊಳೆಹೊನ್ನೂರು ಶ್ರೀ ಸತ್ಯಧರ್ಮತೀರ್ಥರ ವೃಂದಾವನದಿಂದ ಪ್ರಸಿದ್ಧವಾದ ಕ್ಷೇತ್ರ. ಉತ್ತರಾದಿ ಮಠದ ಈ ಯತಿಗಳು 1830ರಲ್ಲಿ ಇಲ್ಲಿ ವೃಂದಾವನಸ್ಥರಾದರು. ಸಮೀಪದಲ್ಲಿಯೇ ತುಂಗೆ ಭದ್ರೆಯರು ಕೂಡುವ ಕೂಡಲಿಯಲ್ಲಿ ಅದ್ವೈತ ದ್ವೈತ ಸಂಪ್ರದಾಯಗಳೆರಡರ ಮಠಗಳೂ ಇವೆ. ಇಂತಹ ವಿದ್ಯಾಪರಂಪರೆಗಳು ಪೋಷಿಸಿಕೊಂಡು ಬಂದ ವಾಕ್ಯಾರ್ಥಪದ್ಧತಿಯ ನಿಯಮವೊಂದು ನಮಗೆ ಇಲ್ಲಿ ಮುಖ್ಯವಾದುದು: ಪ್ರತಿವಾದಿಯ ಮತವನ್ನು ಅದರ ಪೂರ್ಣಬಲದೊಡನೆ ಮಂಡಿಸಿದ ಮೇಲೆಯೇ ಸಿದ್ಧಾಂತಕ್ಕೆ ಬರತಕ್ಕದ್ದು. ಗಣಿತದ ತರಗತಿಯಲ್ಲಿ ಮಾತ್ರ ಪೂರ್ವಪಕ್ಷಕ್ಕೆ ಎಡೆಯಿಲ್ಲವೆಂಬ ಭಾವನೆ ಆಳವಾಗಿ ಬೇರೂರಿದೆ. ತಪ್ಪು ಉತ್ತರವನ್ನು ಒರೆಸಿಹಾಕಿದರೆ ಪಾಠ ಮುಗಿಯಿತು. ಅದನ್ನು ಹೇಳಿದ ವಿದ್ಯಾರ್ಥಿ ಮತ್ತೆ ಬಾಯಿ ತೆರೆಯುವುದು ವಿರಳ. ಗಣಿತದ ಇತಿಹಾಸವಾದರೋ ಬೇರೆಯೇ ಮಾತನ್ನು ಹೇಳುತ್ತದೆ.

ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, 'ಗಣಿತಸಾರಸಂಗ್ರಹ'ವನ್ನು ರಚಿಸಿದ ಮಹಾವೀರಾಚಾರ್ಯನು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ ಬರುವುದೆಂದೂ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ವಿಕಾರಹೊಂದದೆ ಉಳಿಯುವುದೆಂದೂ ಹೇಳಿದ್ದಾನೆ. ಎರಡನೆಯ ಮಾತು ಇಂದು ಅಂಗೀಕೃತವಲ್ಲ. ಆದರೆ ಋಣರಾಶಿಗೆ ವರ್ಗಮೂಲವಿಲ್ಲವೆಂದು ಅಷ್ಟು ಸ್ಪಷ್ಟವಾಗಿ ನುಡಿದ ಪಂಡಿತನು ಇದನ್ನು ಅವಿಚಾರದಿಂದ ಬರೆದನೆನ್ನಲಾದೀತೆ? ಹನ್ನೆರಡು ಹಣ್ಣುಗಳಿವೆ, ಪಾಲು ಪಡೆಯುವವರು ಯಾರೂ ಇಲ್ಲ. ಹಣ್ಣುಗಳು ಇದ್ದಂತೆಯೇ ಉಳಿಯುತ್ತವೆ. ಪೂರ್ವಪಕ್ಷವನ್ನು ಹೀಗೆ ಸಮರ್ಥಿಸಬಹುದು, ಮತ್ತು ಹದಿಹರೆಯದ ವಿದ್ಯಾರ್ಥಿಗೆ ಮೊದಲು ತೋರುವುದೂ ಇದೇ. ಖಂಡನೆಗೆ ಹೊರಗಿನ ಪ್ರಮಾಣ ಬೇಕಿಲ್ಲ, ಆಚಾರ್ಯನ ಮೊದಲನೆಯ ಮಾತೇ ಸಾಕು. ಭಾಗಲಬ್ಧ ಹನ್ನೆರಡಾದರೆ ಅದನ್ನು ಸೊನ್ನೆಯಿಂದ ಗುಣಿಸಿದಾಗ ಹನ್ನೆರಡು ಮರಳಿ ಬರಬೇಕು; ಬರುವುದು ಸೊನ್ನೆ.

ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನು ಇಂತಹ ರಾಶಿಯನ್ನು 'ಖಹರ'ವೆಂದು ಕರೆದು, ಕೂಡಿದರೂ ಕಳೆದರೂ ವಿಕಾರಹೊಂದದ ಅದನ್ನು ಅನಂತನಾದ ಅಚ್ಯುತನಿಗೆ ಹೋಲಿಸಿದನು. ಉಪಮೆ ರಮಣೀಯವಾದುದೇ ಸರಿ. ಆದರೂ ಏಳನ್ನೂ ಹನ್ನೆರಡನ್ನೂ ಸೊನ್ನೆಯಿಂದ ಭಾಗಿಸಿದಾಗ ಒಂದೇ ಖಹರ ಬರುವುದಾದರೆ, ಗುಣಿಸಿ ಹಿಂದಿರುಗುವಾಗ ಯಾವುದನ್ನು ಪಡೆಯತಕ್ಕದ್ದು? ಈ ಆಕ್ಷೇಪವನ್ನು ವಿದ್ಯಾರ್ಥಿಯೇ ಎತ್ತಿದ ದಿನ, ಸೊನ್ನೆಯಿಂದ ಭಾಗಾಕಾರಕ್ಕೆ ಅರ್ಥವನ್ನೇ ಕೊಟ್ಟಿಲ್ಲವೆಂಬ ಇಂದಿನ ನಿಲುವು ಅವನಿಗೆ ಬರಿಯ ಕಟ್ಟಳೆಯಾಗಿ ತೋರದು. ಅಧ್ಯಾಪಕನು ನಿಯಮವನ್ನು ಮೊದಲೇ ಬರೆಸಿಬಿಟ್ಟರೆ ಈ ಲಾಭವೆಲ್ಲ ನಷ್ಟ. ವಾದಕ್ಕೆ ಹೊತ್ತು ಹಿಡಿಯುತ್ತದೆ, ಪಾಠಕ್ರಮ ಹಿಂದೆ ಬೀಳುತ್ತದೆ ಎಂಬ ಆಕ್ಷೇಪವುಂಟು. ಅದು ನಿಜವೂ ಹೌದು. ಪ್ರತಿದಿನವೂ ವಾಕ್ಯಾರ್ಥ ನಡೆಯಲೆಂದು ನಾವೇನೂ ಹೇಳುತ್ತಿಲ್ಲ.

ಸಾಮಗ್ರಿಗಾಗಿ ದೂರ ಹೋಗಬೇಕಾದುದಿಲ್ಲ. 'ಗಣಿತಸಾರಸಂಗ್ರಹ'ದ ಕನ್ನಡ ಅನುವಾದಸಹಿತವಾದ ಆವೃತ್ತಿಯು ಪದ್ಮಾವತಮ್ಮನವರ ಸಂಪಾದಕತ್ವದಲ್ಲಿ 2000ದಲ್ಲಿ ಇದೇ ಶಿವಮೊಗ್ಗ ಜಿಲ್ಲೆಯ ಹೊಂಬುಜದಿಂದ ಪ್ರಕಟವಾಗಿದೆ. ಅದರಿಂದ ಸೊನ್ನೆಯ ಪ್ರಕರಣವನ್ನು ಕಪ್ಪುಹಲಗೆಯ ಮೇಲೆ ಬರೆದು, ತರಗತಿಯನ್ನು ಎರಡು ಪಕ್ಷಗಳಾಗಿ ಕೂರಿಸಬಹುದು. ವಾದವು ಬಿಸಿಯೇರಿದಾಗ ಬ್ರಹ್ಮಗುಪ್ತನನ್ನೂ ಕರೆತರಬಹುದು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆಯೆಂದು ಅವನು 628ರಲ್ಲಿ ಬರೆದನು. ಗುಣಿಸಿ ನೋಡಿದರೆ ತಾಳೆ ಸರಿಯಾಗಿಯೇ ಬರುತ್ತದೆ. ಐದೆಂದರೂ ಹದಿನೇಳೆಂದರೂ ಅಷ್ಟೇ ಸರಿಯಾಗಿ ಬರುತ್ತದೆ.